‘ಓಲ್ ಮ್ಯಾನ್ ರಿವರ್’ ಜನಪದ ಹಾಡಾ? ನಾನು ಅದನ್ನು ಹಾಡಬಹುದಾ?

ಪ್ರಶ್ನೆ: ನನಗೆ 64 ವರ್ಷ. ಮಂಗಳೂರಿನವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಚರ್ಚ್ ಕ್ವಾಯರ್‌ನಲ್ಲಿ ಮೂವತ್ತು ವರ್ಷದಿಂದ ಬೇಸ್, ಅಂದರೆ ಗಂಡಸರ ಅತಿ ಕೆಳಗಿನ ದನಿಯ ಭಾಗ ಹಾಡುತ್ತಿದ್ದೇನೆ. ಚಿಕ್ಕವನಿದ್ದಾಗ ಮನೆಯಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಒಂದು ರೆಕಾರ್ಡ್ ಇತ್ತು. ಅದರಲ್ಲಿದ್ದ ‘ಓಲ್ ಮ್ಯಾನ್ ರಿವರ್’ ಕೇಳಿಯೇ ನನಗೆ ಹಾಡುವ ಆಸೆ ಹುಟ್ಟಿದ್ದು. ಬರುವ ಡಿಸೆಂಬರ್‌ನಲ್ಲಿ ನಮ್ಮ ತಂಡದ ಸಂಗೀತ ಸಂಜೆಯಿದೆ. ಅಲ್ಲಿ ಒಬ್ಬನೇ ಅದನ್ನು ಹಾಡಬೇಕೆಂದಿದ್ದೇನೆ. ಆದರೆ ಈಗ ತಲೆ ಕೆಟ್ಟುಹೋಗಿದೆ. ಕ್ವಾಯರ್ ಮಾಸ್ಟರ್ “ಅದು ಅಮೆರಿಕದ ಗುಲಾಮರ ಜನಪದ ಗೀತೆ, ಯಾರ ಅನುಮತಿಯೂ ಬೇಡ” ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ಮಗಳು “ಪಪ್ಪಾ, ಅದು ಕಪ್ಪು ಜನರಿಗೆ ಅವಮಾನ ಮಾಡುವ ಹಾಡು, ದಯವಿಟ್ಟು ಬೇಡ” ಎನ್ನುತ್ತಾಳೆ. ಹುಡುಕಿದರೆ ಒಂದೊಂದು ಕಡೆ ಒಂದೊಂದು ಸಾಹಿತ್ಯ ಸಿಗುತ್ತದೆ. ಗೆಳೆಯನೊಬ್ಬ ಇದು ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಹಾಡಿನ ನಕಲು ಅಂತಾನೆ. ಇಷ್ಟೆಲ್ಲ ತಾಪತ್ರಯ ಯಾಕೆ, ಕನ್ನಡದಲ್ಲೇ ಹಾಡಿಬಿಡಲಾ ಅಂತಲೂ ಅನಿಸುತ್ತಿದೆ. ಇನ್ನೊಂದು ವಿಷಯ, ಕೊನೆಯ ಸಾಲು ಬಂದಾಗ ನನ್ನ ಗಂಟಲು ಹಿಡಿಯುತ್ತದೆ.

ಉತ್ತರ: ಪ್ರಶ್ನೆಗಳು ಹಲವಾದರೂ ನಿಮ್ಮ ಆತಂಕ ಒಂದೇ ಅಂತ ನನಗನಿಸುತ್ತದೆ. ಇಷ್ಟು ವರ್ಷ ಪ್ರೀತಿಸಿದ ಹಾಡು ಇನ್ನೊಬ್ಬರಿಗೆ ನೋವು ಕೊಡುವಂಥದ್ದಾ? ಅದನ್ನು ನಾನು ಬಾಯಿಗೆ ತಂದರೆ ತಪ್ಪಾ? ಇಪ್ಪತ್ತೈದು ವರ್ಷದಿಂದ ಪಾಶ್ಚಾತ್ಯ ಗಾಯನ ಕಲಿಸುತ್ತಿದ್ದೇನೆ. ಬೇಸ್ ದನಿಯವರು ಬಂದರೆ ಮೊದಲು ಕೇಳುವ ಹಾಡುಗಳಲ್ಲಿ ಇದೂ ಒಂದು. ಹಾಗಾಗಿ ಈ ಚರ್ಚೆ ನನ್ನ ಕೋಣೆಯಲ್ಲಿ ಎಷ್ಟೋ ಸಲ ನಡೆದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಾಡಿ. ಆದರೆ ಯಾವ ಸಾಹಿತ್ಯ ಹಾಡುತ್ತೀರಿ ಅನ್ನೋದನ್ನು ನೀವೇ ತಿಳಿದು ಆರಿಸಿಕೊಳ್ಳಿ. ಮತ್ತು ಸಭೆಗೆ ಅದನ್ನು ಜನಪದ ಗೀತೆ ಅಂತ ಹೇಳಬೇಡಿ.

ಯಾಕೆಂದರೆ ಅದು ಜನಪದ ಗೀತೆ ಅಲ್ಲ. ಗುಲಾಮರು ಕಟ್ಟಿದ್ದೂ ಅಲ್ಲ. 1927ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವೃತ್ತಿ ಕಲಾವಿದರು ಒಂದು ರಂಗನಾಟಕಕ್ಕಾಗಿ ಕೂತು ಬರೆದದ್ದು. ರಾಗ ಸಂಯೋಜನೆ ಜೆರೋಮ್ ಕರ್ನ್, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. ನಾಟಕದ ಹೆಸರು ‘ಷೋ ಬೋಟ್’, ಅಂದರೆ ನದಿಯಲ್ಲಿ ಸಾಗುತ್ತಾ ಪ್ರದರ್ಶನ ಕೊಡುವ ನಾಟಕದ ದೋಣಿ. ಬ್ರಾಡ್‌ವೇ, ಅಂದರೆ ನ್ಯೂಯಾರ್ಕ್‌ನ ವೃತ್ತಿರಂಗಭೂಮಿಯ ಝೀಗ್‌ಫೆಲ್ಡ್ ಥಿಯೇಟರ್‌ನಲ್ಲಿ 1927ರ ಡಿಸೆಂಬರ್ 27ರಂದು ಅದರ ಮೊದಲ ಪ್ರದರ್ಶನ. ಎಡ್ನಾ ಫರ್ಬರ್ ಅವರ ಕಾದಂಬರಿ ಹಿಂದಿನ ವರ್ಷವಷ್ಟೇ ಬಂದಿತ್ತು. ಕರ್ನ್ ಅದನ್ನು ಓದಿ, ಹಕ್ಕು ಕೊಡಿ ಅಂತ ಲೇಖಕಿಯ ಬೆನ್ನು ಹತ್ತಿದ್ದರು. ಆಗ ಬ್ರಾಡ್‌ವೇ ಅಂದರೆ ಹುಡುಗಿಯರ ಕುಣಿತ, ನಗು, ಒಂದಷ್ಟು ಪ್ರೇಮಗೀತೆ. ಇಂಥ ಗಂಭೀರ ಕಥೆಯನ್ನು ಈ ಮನುಷ್ಯ ಏನು ಮಾಡುತ್ತಾನೆ ಅಂತ ಫರ್ಬರ್‌ಗೆ ಅನುಮಾನವಿತ್ತು. ಆದರೆ ಕರ್ನ್ ಪಿಯಾನೋ ಮುಂದೆ ಕೂತು ಈ ಹಾಡು ನುಡಿಸಿದ ದಿನ ಮೈಕೂದಲು ನಿಮಿರಿ ಕಣ್ಣಲ್ಲಿ ನೀರು ಬಂತು ಅಂತ ಆಕೆ ಮುಂದೆ ಆತ್ಮಕಥೆಯಲ್ಲಿ ಬರೆದರು.

ಕರ್ನ್ ಯಾರು ಅನ್ನೋದು ನಿಮಗೆ ಗೊತ್ತಿರಬೇಕು. ಎಲ್ಲರೂ ರೋಬ್ಸನ್ ಹೆಸರು ಹೇಳುತ್ತಾರೆ, ರಾಗ ಕಟ್ಟಿದವನ ಹೆಸರು ಹೇಳುವುದಿಲ್ಲ. ಇದು ನನಗೆ ಪ್ರತಿ ಸಲವೂ ಬೇಜಾರು ತರುತ್ತದೆ. 1885ರಲ್ಲಿ ನ್ಯೂಯಾರ್ಕ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಪಿಯಾನೋದ ಮೊದಲ ಪಾಠ ತಾಯಿಯಿಂದ. ಹರೆಯದಲ್ಲಿ ನಾಟಕದ ತಾಲೀಮಿಗೆ ಪಿಯಾನೋ ನುಡಿಸುವುದು, ಸಂಗೀತದ ಹಾಳೆ ಮಾರಾಟವಾಗಲಿ ಅಂತ ಅಂಗಡಿಯಲ್ಲಿ ಕೂತು ಹಾಡು ನುಡಿಸಿ ಕೇಳಿಸುವುದು, ಇದೇ ಕೆಲಸ. ಲಂಡನ್‌ನಿಂದ ಬರುತ್ತಿದ್ದ ನಾಟಕಗಳು ನ್ಯೂಯಾರ್ಕ್ ಜನಕ್ಕೆ ರುಚಿಸಲಿ ಅಂತ ನಡುನಡುವೆ ಹೊಸ ಹಾಡು ಸೇರಿಸುವ ಪದ್ಧತಿ ಆಗಿತ್ತು. ಅಂಥ ಹಾಡುಗಳನ್ನು ಬರೆದು ಬರೆದು ಅವರ ಕೈ ಪಳಗಿತು. 1914ರ ‘ದೆ ಡಿಡ್ನ್ಟ್ ಬಿಲೀವ್ ಮಿ’ ಹೀಗೆ ಒಂದು ಇಂಗ್ಲಿಷ್ ನಾಟಕದೊಳಗೆ ತೂರಿಸಿದ ಹಾಡೇ. ಆಮೇಲೆ 299 ಸೀಟುಗಳ ಪುಟ್ಟ ಪ್ರಿನ್ಸೆಸ್ ಥಿಯೇಟರ್‌ಗೆ ಗೈ ಬೋಲ್ಟನ್, ಪಿ.ಜಿ. ವುಡ್‌ಹೌಸ್ ಜೊತೆ ಸೇರಿ ನಾಟಕ ಮಾಡಿದರು. ಹೌದು, ಜೀವ್ಸ್ ಹಾಸ್ಯಕಥೆಗಳನ್ನು ಬರೆದ ಅದೇ ವುಡ್‌ಹೌಸ್! 1918ರ ಒಂದು ನಾಟಕಕ್ಕೆ ಅವರು ಸಾಹಿತ್ಯ ಬರೆದು, ಆಮೇಲೆ ಅದರಿಂದ ಕೈಬಿಟ್ಟ ‘ಬಿಲ್’ ಅನ್ನೋ ಹಾಡು ಒಂಬತ್ತು ವರ್ಷದ ನಂತರ ಇದೇ ‘ಷೋ ಬೋಟ್’ನಲ್ಲಿ ಜಾಗ ಪಡೆಯಿತು.

ಅಂದರೆ ಕರ್ನ್ ಸನ್ನಿವೇಶಕ್ಕೆ ತಕ್ಕ ಬಟ್ಟೆ ಹೊಲಿಯುವ ದರ್ಜಿಯ ಹಾಗೆ. ಹಳೆಯದರಂತೆ ಕೇಳಬೇಕಾ, ಹಳೆಯದರಂತೆ ಹೊಲಿಯುತ್ತಾರೆ. ನಿಮ್ಮ ಕ್ವಾಯರ್ ಮಾಸ್ಟರ್ ಮೋಸಹೋಗಿದ್ದು ಇಲ್ಲೇ. ಅವರ ತಪ್ಪಲ್ಲ, ಬಹಳ ಮಂದಿ ಹಾಗೇ ಅಂದುಕೊಂಡಿದ್ದಾರೆ. ಅದಕ್ಕೆ ಕಾರಣಗಳಿವೆ.

ಮೊದಲ ಕಾರಣ ರಾಗದಲ್ಲೇ ಇದೆ. ಪಲ್ಲವಿಯ ಬಹುಪಾಲು ಐದೇ ಸ್ವರಗಳ ಮೇಲೆ ನಿಂತಿದೆ. ನಮ್ಮ ಲೆಕ್ಕದಲ್ಲಿ ಸ ರಿ ಗ ಪ ಧ, ಅಂದರೆ ಮೋಹನ ರಾಗದ ಸ್ವರಗಳು. ಆರಂಭ ಕೆಳಗಿನ ಪಂಚಮದಿಂದ: ಪ ಪ ಧ ಸ. ಮೋಹನದ ನಡೆ, ಗಮಕ ಇಲ್ಲಿಲ್ಲ, ಆ ಮಾತು ಬೇರೆ. ಆದರೆ ಜಗತ್ತಿನ ಎಷ್ಟೋ ಜನಪದ ಹಾಡುಗಳು ಇಂಥ ಐದು ಸ್ವರಗಳಲ್ಲೇ ಇರುವುದರಿಂದ ಕೇಳಿದ ತಕ್ಷಣ ‘ಇದು ನನಗೆ ಗೊತ್ತು’ ಅನಿಸುತ್ತದೆ. ಕರ್ನ್ ಬೇಕೆಂದೇ ಹಾಗೆ ಮಾಡಿದ್ದು. ಇನ್ನೂ ಒಂದು ಸೊಗಸು ಕೇಳಿ. ನಾಟಕದ ಶುರುವಿನಲ್ಲಿ ಹಡಗುಕಟ್ಟೆಯ ಕೂಲಿಗಳು ‘ಕಾಟನ್ ಬ್ಲಾಸಮ್’ ಎಂದು ಆ ನಾಟಕದ ದೋಣಿಯ ಹೆಸರು ಹಿಡಿದು ಹಾಡುತ್ತಾರೆ. ಅದರ ಸ್ವರಗಳನ್ನು ತಿರುಗಿಸಿ, ನಿಧಾನ ಮಾಡಿದರೆ ‘ಓಲ್ ಮ್ಯಾನ್ ರಿವರ್’ನ ಶುರು ಸಿಗುತ್ತದೆ. ಮೊದಲ ದೃಶ್ಯ ಮುಗಿಸಲು ಒಂದು ಹಾಡು ಬೇಕಾಗಿತ್ತು, ಇರುವ ಸ್ವರಗಳಿಂದಲೇ ಅದನ್ನು ಎತ್ತಿಕೊಂಡರು. ದೋಣಿಯ ಸಂಭ್ರಮ, ನದಿಯ ಭಾರ, ಎರಡೂ ಒಂದೇ ಹಿಟ್ಟಿನಿಂದ ಮಾಡಿದ್ದು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಿಯಾನೋದಲ್ಲಿ ತೋರಿಸಿದಾಗ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ.

ನಾಟಕವೇ ಗೊಂದಲ ಹೆಚ್ಚಿಸುವಂತಿದೆ ಅನ್ನೋದು ಎರಡನೆಯ ಕಾರಣ. ಕಥೆ 1880ರ ದಶಕದಿಂದ 1927ರವರೆಗೆ ಸಾಗುತ್ತದೆ. ಕಾಲದ ವಾಸನೆ ಬರಲಿ ಅಂತ 1890ರ ದಶಕದ ನಿಜವಾದ ಹಳೆಯ ಹಾಡನ್ನೂ ಒಳಗೆ ಸೇರಿಸಿದ್ದಾರೆ. ಕರ್ನ್ ಹೊಸದಾಗಿ ಬರೆದ ‘ಕಾಂಟ್ ಹೆಲ್ಪ್ ಲವಿನ್ ದಟ್ ಮ್ಯಾನ್’ ಹಾಡನ್ನು ಪಾತ್ರಗಳು ‘ಕಪ್ಪು ಜನರಿಗೆ ಮಾತ್ರ ಗೊತ್ತಿರುವ ಹಳೇ ಹಾಡು’ ಅಂತ ಪರಿಚಯಿಸುತ್ತವೆ. ಕೇಳುಗ ನಂಬದೆ ಇನ್ನೇನು ಮಾಡಿಯಾನು? ಇನ್ನು ರೋಬ್ಸನ್. ಅವರು ಕಪ್ಪು ಜನರ ಭಕ್ತಿಗೀತೆಗಳನ್ನು, ಅಂದರೆ ನಿಜವಾಗಿಯೂ ಗುಲಾಮಗಿರಿಯ ಕಾಲದಿಂದ ಬಂದ ಸ್ಪಿರಿಚುಯಲ್‌ಗಳನ್ನು ಕಛೇರಿಗಳಲ್ಲಿ ಹಾಡಿ ಹೆಸರಾದವರು. ಅದೇ ವೇದಿಕೆಯಲ್ಲಿ, ಅದೇ ದನಿಯಲ್ಲಿ ಇದನ್ನೂ ಹಾಡಿದರು. ಎರಡೂ ಒಂದೇ ಗುಂಪಿಗೆ ಸೇರಿಬಿಟ್ಟವು.

ಈಗ ನಿಮ್ಮ ಮಗಳ ಮಾತಿಗೆ ಬರೋಣ. ಅವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸತ್ಯವಿದೆ. 1927ರ ಮೂಲ ಸಾಹಿತ್ಯ ಶುರುವಾಗುವುದೇ ಕಪ್ಪು ಜನರನ್ನು ಹೀಗಳೆಯುವ ಪದದಿಂದ. ಇವತ್ತು ಅದನ್ನು ಯಾರೂ ಬಾಯಲ್ಲಿ ಆಡಬಾರದು. 1936ರ ಸಿನಿಮಾಕ್ಕೆ ಬಂದಾಗ ಅದನ್ನು ತೆಗೆದು ಬೇರೊಂದು ಪದ ಹಾಕಿದರು, ಅದೂ ಹಗುರ ಮಾಡಿ ಆಡುವ ಪದವೇ. 1946ರ ಮರುಪ್ರದರ್ಶನದಲ್ಲಿ ಮತ್ತೆ ಬದಲಾಯಿತು. ಅದೇ ವರ್ಷ ಕರ್ನ್ ಬದುಕಿನ ಮೇಲೆ ಬಂದ ಸಿನಿಮಾದಲ್ಲಿ ಜನಾಂಗದ ಮಾತನ್ನೇ ಬಿಟ್ಟು ‘ನಾವೆಲ್ಲ ದುಡಿಯುತ್ತೇವೆ’ ಎಂಬರ್ಥಕ್ಕೆ ತಂದರು. ನಿಮಗೆ ಒಂದೊಂದು ಕಡೆ ಒಂದೊಂದು ಸಾಹಿತ್ಯ ಸಿಗುವುದು ಇದರಿಂದಲೇ. ಯಾರೋ ತಪ್ಪು ಟೈಪ್ ಮಾಡಿದ್ದಲ್ಲ. ಜೊತೆಗೆ ಇಡೀ ಹಾಡನ್ನು ಹ್ಯಾಮರ್‌ಸ್ಟೈನ್ ಕಪ್ಪು ಕೂಲಿಯ ಉಚ್ಚಾರ ಅಂತ ತಾವು ಭಾವಿಸಿದ ಒಡಕು ಇಂಗ್ಲಿಷ್‌ನಲ್ಲಿ ಬರೆದರು. ಹೊರಗಿನವರು ತಮ್ಮ ನೋವನ್ನು ತಮ್ಮ ಪರವಾಗಿ, ಹೀಗೆ ಹಾಡಿಸುವುದು ಹಲವು ಕಪ್ಪು ಜನರಿಗೆ ಹಿಡಿಸುವುದಿಲ್ಲ. 1993ರಲ್ಲಿ ಟೊರಾಂಟೊದಲ್ಲಿ ‘ಷೋ ಬೋಟ್’ ಮತ್ತೆ ರಂಗಕ್ಕೆ ಬಂದಾಗ ಅಲ್ಲಿನ ಕಪ್ಪು ಸಮುದಾಯದವರು ಬೀದಿಗಿಳಿದು ಪ್ರತಿಭಟಿಸಿದರು.

ಆದರೆ ಹಾಡಿನ ಉದ್ದೇಶವೇ ಅವಮಾನ ಅನ್ನೋದು ಸರಿಯಲ್ಲ. ನಾಟಕದಲ್ಲಿ ಇದನ್ನು ಹಾಡುವ ಜೋ ಎಂಬ ಕಪ್ಪು ಕೂಲಿ ಹತ್ತಿಯ ಮೂಟೆ ಹೊತ್ತು ಬೆನ್ನು ಮುರಿದುಕೊಂಡವನು. ಬಿಳಿಯರು ಆಡುತ್ತಿರುವಾಗ ನಾವು ದುಡಿಯುತ್ತೇವೆ, ಈ ಮುದುಕ ನದಿ ಮಿಸಿಸಿಪ್ಪಿಗೆ ಎಲ್ಲ ಗೊತ್ತು, ಏನೂ ಹೇಳದೆ ಹರಿಯುತ್ತಾನೆ ಅನ್ನುತ್ತಾನೆ. 1927ರ ಬ್ರಾಡ್‌ವೇಯಲ್ಲಿ ಕಾಸು ಕೊಟ್ಟು ನಗಲು ಬಂದವರ ಮುಂದೆ ಇದನ್ನು ಹಾಡಿಸುವುದು ಸಣ್ಣ ಮಾತಲ್ಲ. ಅದೇ ನಾಟಕದಲ್ಲಿ ಬಿಳಿಯ ಗಂಡ, ಮಿಶ್ರ ರಕ್ತದ ಹೆಂಡತಿ ಇದ್ದಾರೆ. ಅವರ ಮದುವೆ ಅಲ್ಲಿನ ಕಾನೂನಿಗೆ ಅಪರಾಧ. ಹಿಡಿಯಲು ಶೆರಿಫ್ ಬರುವಾಗ ಗಂಡ ಹೆಂಡತಿಯ ಬೆರಳು ಕೊಯ್ದು ರಕ್ತ ಹೀರುತ್ತಾನೆ. ನನ್ನಲ್ಲೂ ಕಪ್ಪು ರಕ್ತವಿದೆ ಅಂತ ಸುಳ್ಳಿಲ್ಲದೆ ಹೇಳಬಹುದಲ್ಲ! ಈ ಕಥೆ ಬರೆದವರ ಮನಸ್ಸು ಯಾವ ಕಡೆಗಿತ್ತು ಅನ್ನೋದು ಇದರಲ್ಲೇ ಗೊತ್ತಾಗುತ್ತದೆ.

ಇನ್ನು ರೋಬ್ಸನ್ ಮಾಡಿದ್ದು. ಕರ್ನ್ ಈ ಹಾಡನ್ನು ಅವರ ದನಿಯನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದರು. ಆದರೆ ನಾಟಕ ತಡವಾಗಿ ಮೊದಲ ಪ್ರದರ್ಶನದಲ್ಲಿ ಜೂಲ್ಸ್ ಬ್ಲೆಡ್ಸೋ ಹಾಡಬೇಕಾಯಿತು. ರೋಬ್ಸನ್ 1928ರಲ್ಲಿ ಲಂಡನ್‌ನಲ್ಲಿ, 1932ರಲ್ಲಿ ಬ್ರಾಡ್‌ವೇಯಲ್ಲಿ, 1936ರಲ್ಲಿ ಸಿನಿಮಾದಲ್ಲಿ ಹಾಡಿದರು. ಆ ಸಿನಿಮಾಕ್ಕೆ ಕರ್ನ್ ಮತ್ತು ಹ್ಯಾಮರ್‌ಸ್ಟೈನ್ ಹೊಸದಾಗಿ ಮೂರು ಹಾಡು ಬರೆದರು, ಒಂದು ರೋಬ್ಸನ್‌ಗಾಗಿಯೇ. ಅದಾದ ಮೇಲೆ ಸ್ಪೇನ್‌ನ ಅಂತರ್ಯುದ್ಧದ ಕಾಲದಲ್ಲಿ ರೋಬ್ಸನ್ ಕಛೇರಿಗಳಲ್ಲಿ ಸಾಲುಗಳನ್ನು ಬದಲಿಸತೊಡಗಿದರು. ಮೂಲದಲ್ಲಿ ‘ನಾನು ಆ ಮುದುಕ ನದಿಯಂತಿರಬೇಕು’ ಅಂತಿತ್ತು, ‘ಹಾಗಿರಲು ನನಗಿಷ್ಟವಿಲ್ಲ’ ಅಂತಾಯಿತು. ‘ಸ್ವಲ್ಪ ಕುಡಿದರೆ ಜೈಲು’ ಅನ್ನೋದು ‘ಸ್ವಲ್ಪ ಕೆಚ್ಚು ತೋರಿಸಿದರೆ ಜೈಲು’ ಅಂತಾಯಿತು. ‘ಬದುಕಿ ಸುಸ್ತಾಗಿದ್ದೇನೆ, ಸಾಯಲು ಭಯ’ ಅನ್ನೋ ಕಡೆ ‘ಸಾಯುವ ತನಕ ಹೋರಾಡಲೇಬೇಕು’ ಬಂತು. ಸ್ವರ ಒಂದೂ ಬದಲಾಗಲಿಲ್ಲ, ಹಾಡಿನ ಬೆನ್ನುಮೂಳೆ ನೆಟ್ಟಗಾಯಿತು. ಹ್ಯಾಮರ್‌ಸ್ಟೈನ್‌ಗೆ ಇದು ಹಿಡಿಸಲಿಲ್ಲ. ಬರೆದವನ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ನಾನು ರೋಬ್ಸನ್ ಪಕ್ಷ. ಯಾರ ನೋವು ಅಂತ ಬರೆದರೋ ಅವರಲ್ಲೇ ಒಬ್ಬರು ಎದ್ದು ನಿಂತು ತಿದ್ದಿದ್ದು ಅದು. ನೀವು ಚಿಕ್ಕಂದಿನಲ್ಲಿ ಕೇಳಿದ್ದು ಯಾವುದು ಅಂತ ಆ ರೆಕಾರ್ಡ್ ಇನ್ನೂ ಇದ್ದರೆ ಒಮ್ಮೆ ಗಮನಿಸಿ ಕೇಳಿ.

ಹಾಗಾದರೆ ಯಾವುದನ್ನು ಹಾಡುವುದು? 1927ರ ಮೂಲ ಬೇಡ, ಅದು ಸಂಶೋಧಕರಿಗೆ ಮತ್ತು ಇಡೀ ನಾಟಕವನ್ನು ಅದರ ಸಂದರ್ಭದಲ್ಲಿ ಆಡುವವರಿಗೆ ಬಿಟ್ಟದ್ದು. ಮುಂದಿನ ವರ್ಷಗಳಲ್ಲಿ ತಿದ್ದಿದ ಮೃದು ಪಾಠವನ್ನು, ಅಂದರೆ ಸಾಹಿತ್ಯದ ಆ ರೂಪವನ್ನು ಆರಿಸಿದರೆ ಯಾರಿಗೂ ನೋವಾಗುವುದಿಲ್ಲ, ನಾಟಕದ ಜೋ ಕೂಡ ಉಳಿಯುತ್ತಾನೆ. ಅದರ ತೊಂದರೆ ಏನೆಂದರೆ, ಯಾರು ಯಾಕೆ ದುಡಿಯುತ್ತಿದ್ದಾರೆ ಅನ್ನೋದೇ ಮಸುಕಾಗಿ ಒಂದು ಚಂದದ ನದಿ ಹಾಡಾಗಿಬಿಡಬಹುದು. ರೋಬ್ಸನ್ ಪಾಠ ಹೆಚ್ಚು ಗಟ್ಟಿ. ಆದರೆ ಅದನ್ನು ಕ್ಯಾರಿಯೋಕೆ ಶೈಲಿಯಲ್ಲಿ ಸುಮ್ನೆ ಹಾಡಿದರೆ ಇನ್ನೊಬ್ಬರ ಹೋರಾಟವನ್ನು ವೇಷದಂತೆ ತೊಟ್ಟ ಹಾಗಾಗುತ್ತದೆ. ಹಾಡುವ ಮುಂಚೆ ಎರಡು ಮಾತು ಹೇಳಿ: ಕರ್ನ್, ಹ್ಯಾಮರ್‌ಸ್ಟೈನ್ 1927ರಲ್ಲಿ ಬರೆದದ್ದು, ಪಾಲ್ ರೋಬ್ಸನ್ ಸಾಲು ಬದಲಿಸಿದ್ದು, ಯಾಕೆ ಬದಲಿಸಿದ್ದು. ಅರ್ಧ ನಿಮಿಷ ಸಾಕು. ನಾನು ಇದನ್ನೇ ಆರಿಸುತ್ತೇನೆ. ಯಾವ ಪಾಠವಾದರೂ ಸರಿ, ಆ ಒಡಕು ಉಚ್ಚಾರವನ್ನು ಅನುಕರಿಸಬೇಡಿ. ನಿಮ್ಮ ಸಹಜ ಇಂಗ್ಲಿಷ್‌ನಲ್ಲಿ ಹಾಡಿ. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ರೆಕಾರ್ಡ್ ಕೇಳಿ ಕೇಳಿ ಅದೇ ಉಚ್ಚಾರ ತಂದಿದ್ದ. ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ, ಆದರೂ ಕೇಳುವವರಿಗೆ ಅಣಕದಂತಿತ್ತು. ನಾನು ಮೊದಲೇ ತಡೆಯಬೇಕಿತ್ತು.

ಭೂಪೇನ್ ಹಜಾರಿಕಾ ವಿಷಯದಲ್ಲಿ ನಿಮ್ಮ ಗೆಳೆಯ ಉಲ್ಟಾ ಹಿಡಿದಿದ್ದಾರೆ. ‘ಓಲ್ ಮ್ಯಾನ್ ರಿವರ್’ ಬಂದಾಗ ಹಜಾರಿಕಾ ಒಂದು ವರ್ಷದ ಮಗು. ಮುಂದೆ ಅವರು ಓದಲು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ರೋಬ್ಸನ್ ಪರಿಚಯವಾಯಿತು. ಆ ಪ್ರಭಾವದಿಂದ ಹುಟ್ಟಿದ್ದು ಅಸ್ಸಾಮಿಯ ‘ಬಿಸ್ತೀರ್ಣ ಪಾರರೆ’. ಅದೇ ಹಿಂದಿಯಲ್ಲಿ ‘ಗಂಗಾ ಬೆಹತೀ ಹೋ ಕ್ಯೂಂ’ ಆಯಿತು. ಆದರೆ ನಕಲು ಅನ್ನಬೇಡಿ. ಹ್ಯಾಮರ್‌ಸ್ಟೈನ್ ನದಿಯ ಮೌನವನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಹಜಾರಿಕಾ ಅದೇ ನದಿಯನ್ನು ನಿಲ್ಲಿಸಿ, ಇಷ್ಟು ಜನ ನರಳುತ್ತಿರುವಾಗ ನೀನು ಸುಮ್ಮನೆ ಯಾಕೆ ಹರಿಯುತ್ತೀ ಅಂತ ಕೇಳುತ್ತಾರೆ.

ಕನ್ನಡಕ್ಕೆ ತರುವ ಆಸೆ ಚೆನ್ನಾಗಿದೆ, ಆದರೆ ಸುಲಭದ ದಾರಿ ಅಂತ ಅದಕ್ಕೆ ಹೋಗಬೇಡಿ. ಅದೇ ಕಷ್ಟದ ದಾರಿ. ನಮಗೆ ನದಿ ಅಂದರೆ ತಾಯಿ. ಕಾವೇರಮ್ಮ, ಗಂಗಮ್ಮ ಎನ್ನುತ್ತೇವೆ. ಈ ಹಾಡಿನಲ್ಲಿ ನದಿ ಒಬ್ಬ ಮುದುಕ, ಮಕ್ಕಳ ಗೋಳಿಗೆ ಕಿವಿಗೊಡದೆ ಹೋಗುವವನು. ತಾಯಿ ಮಾಡಿದರೆ ಹಾಡಿನ ಅರ್ಥವೇ ಕುಸಿಯುತ್ತದೆ, ಮುದುಕ ಅಂದರೆ ಕನ್ನಡ ಕಿವಿಗೆ ವಿಚಿತ್ರವಾಗುತ್ತದೆ. ನನ್ನ ಕೇಳಿದರೆ ಮಿಸಿಸಿಪ್ಪಿಯನ್ನು ಮಿಸಿಸಿಪ್ಪಿಯಾಗಿಯೇ ಬಿಡಿ, ನೇತ್ರಾವತಿ ಮಾಡಲು ಹೋಗಬೇಡಿ. ಇನ್ನೊಂದು ತೊಡಕು ಮಾತ್ರೆಯದು. ಇಂಗ್ಲಿಷ್‌ನಲ್ಲಿ ಯಾವ ಸ್ವರವನ್ನು ಎಷ್ಟು ಎಳೆದರೂ ಪದ ಪದವಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ‘ಬಿಡು’ ಎಳೆದರೆ ‘ಬೀಡು’, ‘ನಡು’ ಎಳೆದರೆ ‘ನಾಡು’. ಕರ್ನ್ ಉದ್ದ ಸ್ವರ ಇಟ್ಟ ಜಾಗಕ್ಕೆ ದೀರ್ಘಾಕ್ಷರವೇ ಬೀಳಬೇಕು. ಕೊನೆಯ ಮೇಲಿನ ಸ್ವರಕ್ಕೆ ಬಾಯಿ ತೆರೆಯುವ ‘ಆ’ ಅಥವಾ ‘ಓ’ ಬೇಕು, ‘ಇ’ ‘ಉ’ ಬಂದರೆ ನಿಮ್ಮ ಗಂಟಲು ಇನ್ನೂ ಬಿಗಿಯುತ್ತದೆ. ಈ ಡಿಸೆಂಬರ್‌ಗೆ ಬೇಡ, ಒಂದು ವರ್ಷ ಕೂತು ಮಾಡಿ.

ಅನುಮತಿ ವಿಷಯ. ಭಾರತದ ಕಾನೂನಿನಲ್ಲಿ ಹಕ್ಕು ಇರುವುದು ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ಕರ್ನ್ 1945ರಲ್ಲಿ ತೀರಿಕೊಂಡರು, ಹ್ಯಾಮರ್‌ಸ್ಟೈನ್ 1960ರಲ್ಲಿ. ಹಾಗಾಗಿ ರಾಗದ ಹಕ್ಕು 2005ರ ಕೊನೆಗೆ, ಸಾಹಿತ್ಯದ್ದು 2020ರ ಕೊನೆಗೆ ಮುಗಿದಿದೆ. ಅಮೆರಿಕದಲ್ಲೂ 2023ರ ಜನವರಿ 1ರಿಂದ ಹಾಡು ಎಲ್ಲರದು. ಅಂದರೆ ನಿಮ್ಮ ಮಾಸ್ಟರ್ ಹೇಳಿದ ಕಾರಣ ತಪ್ಪು, ಫಲಿತಾಂಶ ಸರಿ. ಆದರೆ ಹುಷಾರಾಗಿರಬೇಕಾದ ಕಡೆಗಳಿವೆ. ಬ್ರಿಟನ್, ಯುರೋಪ್‌ನಲ್ಲಿ ಲೆಕ್ಕ 70 ವರ್ಷ, ಅಲ್ಲಿ 2030ರ ಕೊನೆಯವರೆಗೆ ಹಕ್ಕು ಉಳಿದಿದೆ. ವಿಡಿಯೋ ಹಾಕಿದರೆ ಆ ದೇಶಗಳಲ್ಲಿ ತಡೆಯಬಹುದು. ಹಾಗೆಯೇ ಈಚೆಗೆ ಯಾರೋ ಮಾಡಿದ ಕ್ವಾಯರ್ ಅರೇಂಜ್‌ಮೆಂಟ್ ಅಥವಾ ಕ್ಯಾರಿಯೋಕೆ ಟ್ರ್ಯಾಕ್‌ಗೆ ಅದರದ್ದೇ ಹಕ್ಕಿರುತ್ತದೆ. ಹಳೆಯ ಹಾಳೆ ಹಿಡಿದು, ಪಿಯಾನೋ ಜೊತೆ ಹಾಡಿದರೆ ಆ ಗೋಜೇ ಇಲ್ಲ. ಕರ್ನ್‌ನ ಎಲ್ಲ ಹಾಡಿಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. 1936ರ ‘ಸ್ವಿಂಗ್ ಟೈಮ್’ ಸಿನಿಮಾದ ‘ದ ವೇ ಯು ಲುಕ್ ಟುನೈಟ್’ ಹಾಡಿಗೆ ಅವರಿಗೆ ಆಸ್ಕರ್ ಬಂತು. ಅದರ ಸಾಹಿತ್ಯ ಡೊರೊತಿ ಫೀಲ್ಡ್ಸ್ ಅವರದು, ಆಕೆ ತೀರಿಕೊಂಡದ್ದು 1974ರಲ್ಲಿ. ಹಾಗಾಗಿ ಆ ಸಾಹಿತ್ಯದ ಹಕ್ಕು ನಮ್ಮಲ್ಲೂ 2034ರ ಕೊನೆಯವರೆಗಿದೆ.

ಇನ್ನು ಗಂಟಲು. ಈ ಹಾಡಿನ ಹರವು ಒಂದು ಸ್ಥಾಯಿ, ಅದರ ಮೇಲೆ ಆರು ಸ್ವರ. ಚರ್ಚ್‌ನಲ್ಲಿ ಬೇಸ್ ಭಾಗ ಹಾಡುವವರಿಗೆ ಇಷ್ಟು ದೂರ ಹತ್ತುವ ಅಭ್ಯಾಸ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಹಾಳೆ ಸಾಮಾನ್ಯವಾಗಿ ಇ ಫ್ಲಾಟ್ ಶ್ರುತಿಯಲ್ಲಿರುತ್ತದೆ. ಅಲ್ಲಿ ಕೊನೆಗೆ ಮೇಲಿನ ಜಿ ಮುಟ್ಟಬೇಕು. ಅದು ಬ್ಯಾರಿಟೋನ್, ಅಂದರೆ ಬೇಸ್‌ಗಿಂತ ಮೇಲಿನ ಗಂಡುದನಿಯ ಕೆಲಸ. ಸಿ ಶ್ರುತಿಗೆ ಇಳಿಸಿದರೆ ಕೊನೆಯ ಸ್ವರ ಇ ಆಗುತ್ತದೆ, ಬಿ ಫ್ಲಾಟ್‌ಗೆ ಇಳಿಸಿದರೆ ಡಿ. ಆಗ ಶುರುವಿನ ಸ್ವರ ಕೆಳಗಿನ ಎಫ್‌ಗೆ ಹೋಗುತ್ತದೆ, ನಿಮ್ಮ ದನಿಗೆ ಅದು ಮನೆಯಂಗಳ. ಎಲ್ಲರೂ ಮಾಡುವ ತಪ್ಪೇನು ಗೊತ್ತಾ? ಮೊದಲ ಸಾಲು ಗಂಭೀರವಾಗಿ ಕೇಳಿಸಲಿ ಅಂತ ಅಲ್ಲೇ ಗಾಳಿಯೆಲ್ಲ ಸುರಿದುಬಿಡುತ್ತಾರೆ. ಮೊದಲರ್ಧ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಹಾಡಿ. ತೀರಾ ನಿಧಾನವೂ ಬೇಡ. 1928ರಲ್ಲಿ ಪಾಲ್ ವೈಟ್‌ಮನ್ ಬ್ಯಾಂಡ್ ಇದನ್ನು ಎರಡು ಸಲ ರೆಕಾರ್ಡ್ ಮಾಡಿತು. ಒಂದು ರೋಬ್ಸನ್ ಜೊತೆ, ಇನ್ನೊಂದು ಬಿಂಗ್ ಕ್ರಾಸ್ಬಿ ಜೊತೆ ಕುಣಿಯುವ ಲಯದಲ್ಲಿ. ಎರಡನ್ನೂ ಕೇಳಿ, ನಡುವೆ ಎಲ್ಲೋ ನಿಮ್ಮ ಉಸಿರಿಗೆ ಹೊಂದುವ ವೇಗ ಸಿಗುತ್ತದೆ.

ಇವತ್ತು ಮೊದಲು ಕೊನೆಯ ಸಾಲನ್ನಷ್ಟೇ ಹಾಡಿ ನೋಡಿ. ಅದು ನೋವಿಲ್ಲದೆ ಮೂರು ಸಲ ಬಂದ ಶ್ರುತಿಯೇ ನಿಮ್ಮ ಶ್ರುತಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಒಂದು ತಿಂಗಳಾದ ಮೇಲೆ ಮಗಳಿಗೆ ವಿಡಿಯೋ ಕಾಲ್ ಮಾಡಿ, ಯಾವ ಪಾಠ ಆರಿಸಿದ್ದೀರಿ ಅಂತ ಹೇಳಿ, ಹಾಡಿ ಕೇಳಿಸಿ. ಅವರಿಗೆ ಇನ್ನೂ ಏನಾದರೂ ಚುಚ್ಚಿದರೆ ಎಲ್ಲಿ ಅಂತ ಕೇಳಿ ಬರೆದುಕೊಳ್ಳಿ. ಅದನ್ನು ನನಗೂ ಕಳಿಸಿ.